ಕರಾವಳಿಯ ಲೈನ್ ಬಸ್ಸಿಗೆ ‘ಶಕ್ತಿ’ ಯಾಕೆ ಹತ್ತುತ್ತಿಲ್ಲ?

ದಕ್ಷಿಣ ಕನ್ನಡ ಮತ್ತು ಉಡುಪಿಯಿಂದ ಎರಡು ಸುದ್ದಿ ಜೊತೆಜೊತೆಗೇ ಬರುತ್ತವೆ. ನಮ್ಮೂರಿಗೂ ಕೆಎಸ್‌ಆರ್‌ಟಿಸಿ ಬಸ್ ಹಾಕಿ, ಶಕ್ತಿ ಯೋಜನೆಯ ಉಚಿತ ಪ್ರಯಾಣ ನಮ್ಮ ಹೆಂಗಸರಿಗೂ ಸಿಗಲಿ ಎಂಬ ಬೇಡಿಕೆ ಒಂದು ಕಡೆ. ಹಾಗೆ ಮಾಡಿದರೆ ತಲೆಮಾರುಗಳಿಂದ ನಡೆಸಿಕೊಂಡು ಬಂದ ಕಂಪನಿ ಮುಚ್ಚಬೇಕಾಗುತ್ತದೆ ಎಂಬ ಖಾಸಗಿ ಬಸ್ ಮಾಲೀಕರ ಅಳಲು ಇನ್ನೊಂದು ಕಡೆ. ಓದುವವರಿಗೆ ಗೊಂದಲವಾಗುವುದು ಸಹಜ. ಸರ್ಕಾರವೇ ಬಸ್ಸು ಬಿಡುವುದಕ್ಕೆ ಯಾರ ಅಪ್ಪಣೆ ಬೇಕು? ಹುಬ್ಬಳ್ಳಿಯಲ್ಲಿ, ಮೈಸೂರಿನಲ್ಲಿ ಇಲ್ಲದ ಜಗಳ ಮಂಗಳೂರಿನಲ್ಲಿ ಮಾತ್ರ ಯಾಕೆ? ಖಾಸಗಿಯವರಿಗೇ ದುಡ್ಡು ಕೊಟ್ಟು ಅವರ ಬಸ್ಸಿನಲ್ಲೇ ಉಚಿತ ಮಾಡಿಬಿಟ್ಟರೆ ಆಗಲ್ವಾ?

ಈ ಮೂರು ಪ್ರಶ್ನೆಗಳಿಗೂ ಉತ್ತರ ಸಿಗುವುದು ಪರ್ಮಿಟ್ ಎಂಬ ಒಂದು ಕಾಗದದಲ್ಲಿ.

ಆಸ್ತಿ ಅಂದರೆ ಬಸ್ಸಲ್ಲ

ಬಸ್ ಕಂಪನಿ ಅಂದರೆ ಹತ್ತಾರು ಬಸ್ಸು, ಒಂದು ಶೆಡ್ಡು, ಕೆಲವು ಡ್ರೈವರ್ ಕಂಡಕ್ಟರುಗಳು ಅಂತ ಹೊರಗಿನವರು ಅಂದುಕೊಳ್ಳುತ್ತಾರೆ. ಆದರೆ ಬಸ್ಸು ಬರಬರುತ್ತಾ ಬೆಲೆ ಕಳೆದುಕೊಳ್ಳುವ ವಸ್ತು. ಚಾಸಿ ಕೊಂಡು ಬಾಡಿ ಕಟ್ಟಿಸಿ ರಸ್ತೆಗಿಳಿಸಿದ ದಿನದಿಂದಲೇ ಅದರ ಬೆಲೆ ಇಳಿಯುತ್ತದೆ. ಬೆಲೆ ಉಳಿಯುವುದು ಪರ್ಮಿಟ್‌ಗೆ ಮತ್ತು ಅದಕ್ಕೆ ಅಂಟಿಕೊಂಡ ಟೈಮಿಂಗ್‌ಗೆ. ಬೆಳಿಗ್ಗೆ ಕಾಲೇಜು, ಕಚೇರಿಗೆ ಹೊರಡುವ ಹೊತ್ತಿನ ಟ್ರಿಪ್ ಒಂದಿದ್ದರೆ ಇಡೀ ದಿನದ ಡೀಸೆಲ್ ಖರ್ಚು ಅದರಲ್ಲೇ ಹುಟ್ಟಬಹುದು. ಅದೇ ಬಸ್ಸು ಹತ್ತು ನಿಮಿಷ ಹಿಂದೆ ಬಿದ್ದರೆ ಸೀಟು ಖಾಲಿ. ಹಾಗಾಗಿಯೇ ಈ ವ್ಯವಹಾರದಲ್ಲಿ ಇರುವವರು ‘ಬಸ್ ಮಾರಿದರು’ ಅನ್ನುವುದಕ್ಕಿಂತ ‘ಲೈನ್ ಮಾರಿದರು’ ಅನ್ನುವುದೇ ಜಾಸ್ತಿ.

ಪರ್ಮಿಟ್‌ನಲ್ಲಿ ಮುಖ್ಯವಾಗಿ ಎರಡು ಬಗೆ. ಸ್ಟೇಜ್ ಕ್ಯಾರೇಜ್ ಅಂದರೆ ನಿಗದಿತ ದಾರಿಯಲ್ಲಿ, ನಿಗದಿತ ಹೊತ್ತಿಗೆ, ಸ್ಟಾಪ್ ಸ್ಟಾಪಿಗೂ ನಿಲ್ಲಿಸಿ, ಒಬ್ಬೊಬ್ಬರಿಂದ ಬೇರೆ ಬೇರೆ ಟಿಕೆಟ್ ದುಡ್ಡು ತೆಗೆದುಕೊಳ್ಳುವ ಬಸ್ಸು. ಕಾಂಟ್ರಾಕ್ಟ್ ಕ್ಯಾರೇಜ್ ಅಂದರೆ ಇಡೀ ಗಾಡಿಯನ್ನು ಒಪ್ಪಂದದ ಮೇಲೆ ಒಂದೂರಿಂದ ಇನ್ನೊಂದೂರಿಗೆ ಕೊಡುವುದು. ದಾರಿಯಲ್ಲಿ ಜನ ಹತ್ತಿಸಿ ಇಳಿಸುವಂತಿಲ್ಲ. ಮದುವೆ ದಿಬ್ಬಣದ ಬಸ್ಸು ಎರಡನೆಯ ಬಗೆ. ರಾತ್ರಿ ಹೊರಡುವ ಸ್ಲೀಪರ್ ಕೋಚುಗಳಲ್ಲಿ ಹೆಚ್ಚಿನವು ಓಡುವುದೂ ಈ ಬಗೆಯ ಪರ್ಮಿಟ್ ಮೇಲೆಯೇ. ಅವು ಸೀಟು ಸೀಟಾಗಿ ಟಿಕೆಟ್ ಮಾರುವುದು ಕಾನೂನಿನ ಪ್ರಕಾರ ಸರಿಯೇ ಎಂಬುದು ಬೇರೆಯದೇ ಜಗಳ. ಇಲ್ಲಿ ನಮಗೆ ಬೇಕಿರುವುದು ಮೊದಲನೆಯದು, ಊರೂರಿಗೆ ಹೋಗುವ ಲೈನ್ ಬಸ್ಸು.

ಮೈಸೂರಿನಲ್ಲಿ ಇಲ್ಲದ್ದು ಮಂಗಳೂರಿನಲ್ಲಿ ಯಾಕಿದೆ?

ಕರ್ನಾಟಕದ ಬಸ್ ನಕ್ಷೆಯನ್ನು ಬಿಡಿಸಿದ್ದು 1956ಕ್ಕಿಂತ ಹಿಂದಿನ ಗಡಿಗಳು. ಮೈಸೂರು ಸಂಸ್ಥಾನದ ಸರ್ಕಾರ 1948ರ ಸೆಪ್ಟೆಂಬರ್ 12ರಂದು 120 ಬಸ್ಸುಗಳೊಂದಿಗೆ ತನ್ನದೇ ಸಾರಿಗೆ ಇಲಾಖೆ ಶುರುಮಾಡಿತು. ಹುಬ್ಬಳ್ಳಿ, ಧಾರವಾಡ, ಬೆಳಗಾವಿ ಆಗ ಬಾಂಬೆ ಪ್ರಾಂತ್ಯದಲ್ಲಿದ್ದವು. ಅಲ್ಲಿಯೂ 1948ರಿಂದಲೇ ಸರ್ಕಾರ ಬಸ್ ನಡೆಸಲು ಇಳಿಯಿತು. ಕಲಬುರಗಿ, ರಾಯಚೂರು ಕಡೆ ನಿಜಾಮರ ಆಡಳಿತ. ನಿಜಾಮರ ರೈಲ್ವೆ 1932ರಲ್ಲೇ 27 ಬಸ್ಸುಗಳೊಂದಿಗೆ ರಸ್ತೆ ಸಾರಿಗೆ ಆರಂಭಿಸಿತ್ತು.

ದಕ್ಷಿಣ ಕನ್ನಡ ಜಿಲ್ಲೆ (ಉಡುಪಿಯೂ ಆಗ ಅದರೊಳಗೇ) ಮದ್ರಾಸ್‌ಗೆ ಸೇರಿತ್ತು. ಮದ್ರಾಸ್ ಸರ್ಕಾರ ದೂರದ ಈ ಜಿಲ್ಲೆಯ ಬಸ್ಸನ್ನು ಕೈಗೆತ್ತಿಕೊಳ್ಳಲು ಹೋಗಲಿಲ್ಲ. ಅಷ್ಟರಲ್ಲಿ ಇಲ್ಲಿ ಖಾಸಗಿ ಬಸ್ಸು ಬೇರು ಬಿಟ್ಟಾಗಿತ್ತು. ಕೆನರಾ ಪಬ್ಲಿಕ್ ಕನ್ವೇಯನ್ಸ್, ಜನರ ಬಾಯಲ್ಲಿ ಸಿಪಿಸಿ, 20ನೇ ಶತಮಾನದ ಮೊದಲ ದಶಕಗಳಲ್ಲೇ ಶುರುವಾದ ಕಂಪನಿ. ಕರಾವಳಿಯ ನದಿಗಳೂ ಇದಕ್ಕೆ ಒಂದು ರೀತಿ ಸಹಾಯ ಮಾಡಿದವು ಅನ್ನಬೇಕು. ಸೇತುವೆಗಳು ಬರುವ ಮುಂಚೆ ಬಸ್ಸು ಕಡವಿನವರೆಗೆ ಬಂದು ನಿಲ್ಲುತ್ತಿತ್ತು. ಜನ ದೋಣಿಯಲ್ಲಿ ದಾಟಿ ಆಚೆ ದಡದಲ್ಲಿ ಇನ್ನೊಂದು ಬಸ್ಸು ಹತ್ತುತ್ತಿದ್ದರು. ದಾರಿ ತುಂಡು ತುಂಡಾಗಿದ್ದಾಗ ಒಂದೆರಡು ಬಸ್ಸಿನ ಮಾಲೀಕನೂ ಒಂದು ತುಂಡನ್ನು ಹಿಡಿದು ಬದುಕಬಹುದಿತ್ತು.

1956ರ ನವೆಂಬರ್ 1ರಂದು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಜೊತೆಗೆ ಅದರ ಖಾಸಗಿ ಬಸ್ಸುಗಳೂ ಬಂದವು.

ಸ್ಕೀಂ ಬಿದ್ದ ಕಡೆ, ಬೀಳದ ಕಡೆ

ಸರ್ಕಾರ ಒಂದು ದಾರಿಯನ್ನು ಪೂರ್ತಿ ತನ್ನದಾಗಿಸಿಕೊಳ್ಳಬೇಕಾದರೆ ಸುಮ್ನೆ ಆದೇಶ ಹೊರಡಿಸಿದರೆ ಆಗುವುದಿಲ್ಲ. 1954ರಲ್ಲಿ ಉತ್ತರ ಪ್ರದೇಶ ಅಂಥ ಏಕಸ್ವಾಮ್ಯಕ್ಕೆ ಕೈಹಾಕಿದಾಗ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತ್ತು. ಆಮೇಲೆ 1956ರಲ್ಲಿ ಮೋಟಾರು ವಾಹನ ಕಾಯ್ದೆಗೆ ಹೊಸ ಅಧ್ಯಾಯವೊಂದನ್ನೇ ಸೇರಿಸಿದರು. ಅದರ ಪ್ರಕಾರ ಮೊದಲು ‘ಸ್ಕೀಂ’, ಅಂದರೆ ಯಾವ ದಾರಿ ಸರ್ಕಾರಿ ಬಸ್ಸಿಗೆ ಎಂಬ ಯೋಜನೆಯನ್ನು, ಗೆಜೆಟ್‌ನಲ್ಲಿ ಪ್ರಕಟಿಸಬೇಕು, ಖಾಸಗಿಯವರ ಆಕ್ಷೇಪಣೆ ಕೇಳಬೇಕು, ನಂತರ ಮಂಜೂರು ಮಾಡಬೇಕು. ಈಗಿನ 1988ರ ಕಾಯ್ದೆಯಲ್ಲಿ ಇದು ಆರನೇ ಅಧ್ಯಾಯ.

ಈ ಆಕ್ಷೇಪಣೆ ಕೇಳುವ ವಿಚಾರದಲ್ಲೇ ದೇಶದ ಆಡಳಿತ ಕಾನೂನಿನ ದೊಡ್ಡ ತೀರ್ಪುಗಳು ಹುಟ್ಟಿದವು ಎಂಬುದು ಕುತೂಹಲದ ಸಂಗತಿ. 1959ರಲ್ಲಿ ಆಂಧ್ರದ ಬಸ್ ಮಾಲೀಕರೊಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇಷ್ಟು: ಅಹವಾಲು ಕೇಳಿದ್ದು ಕಾರ್ಯದರ್ಶಿ, ತೀರ್ಮಾನ ಮಾಡಿದ್ದು ಮುಖ್ಯಮಂತ್ರಿ, ಇದು ನಡೆಯುವುದಿಲ್ಲ. ಕೇಳಿದವರೇ ತೀರ್ಮಾನಿಸಬೇಕು. ಕಾನೂನು ವಿದ್ಯಾರ್ಥಿಗಳು ಇವತ್ತಿಗೂ ಇದನ್ನು ಓದುತ್ತಾರೆ. ಮರುವರ್ಷ ನಮ್ಮ ಆನೇಕಲ್ ಭಾಗದ ಸ್ಕೀಂ ಕೂಡ ಸುಪ್ರೀಂ ಕೋರ್ಟಿಗೆ ಹೋಯಿತು. ಅಲ್ಲಿ ಸರ್ಕಾರ ಗೆದ್ದಿತು.

ಸ್ಕೀಂ ಬಿದ್ದ ದಾರಿಯಲ್ಲಿ ಖಾಸಗಿ ಲೈನ್ ಬಸ್ಸಿಗೆ ಜಾಗವೇ ಇಲ್ಲ ಎಂಬಷ್ಟು ಕಟ್ಟುನಿಟ್ಟು. ಸ್ಕೀಂನಲ್ಲೇ ವಿನಾಯಿತಿ ಬರೆದಿರದಿದ್ದರೆ, ನೋಟಿಫೈ ಆದ ದಾರಿಯ ಒಂದು ತುಣುಕಿನ ಮೇಲೂ ಖಾಸಗಿ ಬಸ್ಸು ಹಾಯುವಂತಿಲ್ಲ ಎಂದು 1985ರಲ್ಲಿ ಸುಪ್ರೀಂ ಕೋರ್ಟ್ ಖಚಿತ ಮಾಡಿತು. ಇತ್ತ ಸ್ಕೀಂ ಪೂರ್ತಿ ಆವರಿಸದ ಕರಾವಳಿ, ಮಲೆನಾಡು, ಚಿತ್ರದುರ್ಗ, ತುಮಕೂರು ಕಡೆ ಖಾಸಗಿ ಬಸ್ಸುಗಳು ಉಳಿದುಕೊಂಡವು. ಒಂದು ಊರಲ್ಲಿ ಖಾಸಗಿ ಬಸ್ ಇದೆ, ಪಕ್ಕದ ಜಿಲ್ಲೆಯಲ್ಲಿ ಇಲ್ಲ ಎಂಬುದರ ಹಿಂದೆ ಜನರ ಸ್ವಭಾವ, ಉದ್ಯಮಶೀಲತೆ ಎಂದೆಲ್ಲ ಕಾರಣ ಹುಡುಕುವವರಿದ್ದಾರೆ. ಗೆಜೆಟ್ ನೋಡಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಇನ್ನೊಂದು ಗೊಂದಲವನ್ನೂ ಇಲ್ಲೇ ಬಿಡಿಸಿಬಿಡೋಣ. 1976ರಲ್ಲಿ ಕರ್ನಾಟಕ ಸರ್ಕಾರ ಖಾಸಗಿ ಕಾಂಟ್ರಾಕ್ಟ್ ಕ್ಯಾರೇಜುಗಳನ್ನು ಕಾಯ್ದೆ ಮಾಡಿ ವಶಪಡಿಸಿಕೊಂಡಿತು. ಮರುವರ್ಷ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ಅದನ್ನು ಎತ್ತಿಹಿಡಿಯಿತು. ಆಗ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಪ್ರತ್ಯೇಕವಾಗಿ ಬರೆದ ಅಭಿಪ್ರಾಯವನ್ನು 2024ರ ನವೆಂಬರ್ 5ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಬಹುಮತದಿಂದ ಒಪ್ಪಲಿಲ್ಲ. ಖಾಸಗಿ ಆಸ್ತಿಯೆಲ್ಲವೂ ಸಮುದಾಯದ ಸಂಪನ್ಮೂಲ ಅಲ್ಲ ಎಂದಿತು. ‘ಹಾಗಾದರೆ ಬಸ್ ರಾಷ್ಟ್ರೀಕರಣವೇ ರದ್ದಾಯಿತಾ?’ ಅಂತ ಕೇಳುವವರಿದ್ದಾರೆ. ಇಲ್ಲ. ಸ್ಕೀಂ ಮಾಡುವ ಅಧಿಕಾರ ಇರುವುದು ಮೋಟಾರು ವಾಹನ ಕಾಯ್ದೆಯಲ್ಲಿ. ಅದು ಹಾಗೇ ಇದೆ.

ಮನೆಯೊಳಗೆ ಹಂಚಿಹೋದ ಪರ್ಮಿಟ್

ಬಸ್ ಕಂಪನಿಗಳು ಕುಟುಂಬದ ಕೈಯಲ್ಲೇ ಉಳಿದದ್ದಕ್ಕೂ ಕಾನೂನಿನ ನಂಟಿದೆ. 1988ರ ಕಾಯ್ದೆ ಮೊದಲು ಬಂದಾಗ ಒಬ್ಬ ವ್ಯಕ್ತಿಗೆ ಐದಕ್ಕಿಂತ ಹೆಚ್ಚು, ಒಂದು ಕಂಪನಿಗೆ ಹತ್ತಕ್ಕಿಂತ ಹೆಚ್ಚು ಸ್ಟೇಜ್ ಕ್ಯಾರೇಜ್ ಪರ್ಮಿಟ್ ಕೊಡುವಂತಿರಲಿಲ್ಲ. 1994ರಲ್ಲಿ ಈ ಮಿತಿ ತೆಗೆದುಹಾಕಿದರು. ಮಿತಿ ಇದ್ದಾಗ ಬೆಳೆಯಬೇಕೆಂದವರಿಗೆ ಸುಲಭದ ದಾರಿ ಒಂದೇ. ಒಂದಿಷ್ಟು ಪರ್ಮಿಟ್ ಅಣ್ಣನ ಹೆಸರಲ್ಲಿ, ಒಂದಿಷ್ಟು ಹೆಂಡತಿಯ ಹೆಸರಲ್ಲಿ. ಬಸ್ಸಿನ ಮೇಲೆ ಬರೆದ ಹೆಸರು ಒಂದೇ ಇದ್ದರೂ ಕಾಗದದಲ್ಲಿ ಮಾಲೀಕರು ಹಲವರು. ಅಣ್ಣತಮ್ಮಂದಿರು ಪಾಲಾದಾಗ ಲೈನುಗಳೂ ಪಾಲಾದವು.

ಮಾಲೀಕ ತೀರಿಕೊಂಡರೆ ಏನಾಗುತ್ತದೆ ಎಂಬುದನ್ನೂ ಕಾಯ್ದೆಯ 82ನೇ ಸೆಕ್ಷನ್ ಹೇಳುತ್ತದೆ. ಬಸ್ಸು ಯಾರ ಕೈಗೆ ಬಂತೋ ಅವರು ಮೂರು ತಿಂಗಳವರೆಗೆ ಆ ಪರ್ಮಿಟ್ಟಿನಲ್ಲೇ ಓಡಿಸಬಹುದು. ಆದರೆ ಸಾವಿನ 30 ದಿನದೊಳಗೆ ಪರ್ಮಿಟ್ ಕೊಡುವ ಸಾರಿಗೆ ಪ್ರಾಧಿಕಾರಕ್ಕೆ ತಿಳಿಸಬೇಕು, ಮತ್ತು ತಮ್ಮ ಹೆಸರಿಗೆ ವರ್ಗ ಮಾಡಿಸಿಕೊಳ್ಳಲು ಅರ್ಜಿ ಹಾಕಬೇಕು. ಮನೆಯಲ್ಲಿ ಒಮ್ಮತ ಇದ್ದರೆ ಇದು ಒಂದು ಅರ್ಜಿಯ ಕೆಲಸ. ಇಲ್ಲದಿದ್ದರೆ ಟೈಮಿಂಗ್ ತಪ್ಪುತ್ತದೆ, ಆ ಜಾಗಕ್ಕೆ ಬೇರೆಯವರ ಬಸ್ಸು ಬರುತ್ತದೆ.

ಇನ್ನೂ ದೊಡ್ಡ ಪೆಟ್ಟು ಬಿದ್ದದ್ದು ಬೇರೆ ಕಡೆಯಿಂದ. ಹಳೆಯ 1939ರ ಕಾಯ್ದೆಯಲ್ಲಿ ಒಂದು ದಾರಿಯಲ್ಲಿ ಎಷ್ಟು ಬಸ್ಸು ಇರಬೇಕೆಂದು ಪ್ರಾಧಿಕಾರ ಮಿತಿ ಹಾಕಬಹುದಿತ್ತು. ಹೊಸಬರು ಬಂದರೆ ಹಳಬರು ಆಕ್ಷೇಪಿಸಬಹುದಿತ್ತು. ಹೊಸ ಕಾಯ್ದೆ 1989ರ ಜುಲೈ 1ರಿಂದ ಜಾರಿಗೆ ಬಂದಾಗ ಬಾಗಿಲು ತೆರೆಯಿತು. ಸಾಮಾನ್ಯವಾಗಿ ಕೇಳಿದವರಿಗೆ ಪರ್ಮಿಟ್ ನಿರಾಕರಿಸಬಾರದು ಎಂಬುದು ಅದರ ನಿಲುವು. ಹಳೆಯ ಮಾಲೀಕರಿಗೆ ಇದನ್ನು ತಡೆಯುವ ಹಕ್ಕಿಲ್ಲ ಎಂದು 1991ರಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿತು.

ಪರಿಣಾಮ? ಜಗಳ ಪರ್ಮಿಟ್ಟಿನಿಂದ ಟೈಮಿಂಗಿಗೆ ಇಳಿಯಿತು. ಪರ್ಮಿಟ್ ಕೊಡಬೇಡಿ ಅನ್ನಲಾಗದವರು ‘ನನ್ನ ಬಸ್ಸಿನ ಮುಂದೆಯೇ ಅವನಿಗೆ ಸಮಯ ಕೊಡಬೇಡಿ’ ಅನ್ನತೊಡಗಿದರು. ಎರಡು ಬಸ್ಸಿನ ನಡುವೆ ನಾಲ್ಕೈದು ನಿಮಿಷ ಉಳಿದರೆ ಮುಂದಿನವನು ನಿಧಾನಿಸಿ ಜನ ಹಿಡಿಯುತ್ತಾನೆ, ಹಿಂದಿನವನು ಅವನನ್ನು ಹಿಂದಿಕ್ಕಲು ನೋಡುತ್ತಾನೆ. ಕರಾವಳಿಯ ಎಕ್ಸ್‌ಪ್ರೆಸ್ ಬಸ್ಸುಗಳ ಓಟದ ಬಗ್ಗೆ ಡ್ರೈವರುಗಳನ್ನು ಬೈಯುವವರು ಟೈಮಿಂಗ್ ಪಟ್ಟಿಯನ್ನೂ ಒಮ್ಮೆ ನೋಡಬೇಕು.

ಶಕ್ತಿ ಬಂದ ಮೇಲಿನ ಲೆಕ್ಕ

2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಯಿತು. ನಾಲ್ಕು ಸರ್ಕಾರಿ ನಿಗಮಗಳ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಬಸ್ಸುಗಳಲ್ಲಿ ರಾಜ್ಯದ ಮಹಿಳೆಯರಿಗೆ ಉಚಿತ ಪ್ರಯಾಣ. ಕಂಡಕ್ಟರ್ ಶೂನ್ಯ ಟಿಕೆಟ್ ಕೊಡುತ್ತಾರೆ, ಅದರ ದುಡ್ಡನ್ನು ಸರ್ಕಾರ ನಿಗಮಕ್ಕೆ ಕಟ್ಟಿಕೊಡಬೇಕು. 2025ರ ಜುಲೈ ಹೊತ್ತಿಗೆ ಇಂಥ ಟಿಕೆಟ್‌ಗಳ ಸಂಖ್ಯೆ 500 ಕೋಟಿ ಮುಟ್ಟಿತು.

ಖಾಸಗಿ ಬಸ್ಸಿಗೆ ಇದು ಹೇಗೆ ತಟ್ಟುತ್ತದೆ? ಒಂದು ಟ್ರಿಪ್ಪಿನಲ್ಲಿ 40 ಜನ, ಅದರಲ್ಲಿ 20 ಮಹಿಳೆಯರು ಎಂದಿಟ್ಟುಕೊಳ್ಳಿ. ಐದು ನಿಮಿಷ ಮುಂಚೆ ಸರ್ಕಾರಿ ಬಸ್ ಬಂದರೆ ಆ 20 ಜನ ಅದನ್ನೇ ಹತ್ತುತ್ತಾರೆ. ಯಾಕೆ ಹತ್ತಬಾರದು? ಅರ್ಧ ಕಲೆಕ್ಷನ್ ಹೋಯಿತು. ಆದರೆ ಡೀಸೆಲ್ ಅರ್ಧ ಆಗುವುದಿಲ್ಲ. ಡ್ರೈವರ್ ಕಂಡಕ್ಟರ್ ಸಂಬಳ, ಬತ್ತೆ ಅರ್ಧ ಆಗುವುದಿಲ್ಲ. ವಿಮೆ, ಬ್ಯಾಂಕಿನ ಕಂತು, ಸೀಟಿನ ಲೆಕ್ಕದಲ್ಲಿ ಮೂರು ತಿಂಗಳಿಗೊಮ್ಮೆ ಕಟ್ಟುವ ತೆರಿಗೆ ಯಾವುದೂ ಕಮ್ಮಿಯಾಗುವುದಿಲ್ಲ. ಅಷ್ಟಕ್ಕೇ ಮುಗಿಯಲೂ ಇಲ್ಲ. ಗಂಡ ಹೆಂಡತಿ ಒಟ್ಟಿಗೆ ಹೊರಟರೆ ಹೆಂಡತಿಗೆ ಉಚಿತ ಇರುವ ಬಸ್ಸಿಗೇ ಇಬ್ಬರೂ ಹತ್ತುತ್ತಾರೆ. ಗಂಡಸರ ಟಿಕೆಟ್ಟಿನಲ್ಲೂ ಒಂದು ಪಾಲು ಕೈ ಬಿಡುತ್ತದೆ.

ಬೇರೆ ವ್ಯಾಪಾರದಲ್ಲಾದರೆ ದರ ಇಳಿಸಿ ಪೈಪೋಟಿ ಕೊಡಬಹುದು. ಸೊನ್ನೆಗಿಂತ ಕೆಳಗೆ ಯಾರು ಇಳಿಸುತ್ತಾರೆ? ಏರಿಸೋಣ ಎಂದರೆ ಲೈನ್ ಬಸ್ಸಿನ ದರ ನಿಗದಿ ಮಾಡುವುದು ರಾಜ್ಯ ಸರ್ಕಾರ. 2025ರ ಏಪ್ರಿಲ್‌ನಲ್ಲಿ ರಾಜ್ಯದ ತೆರಿಗೆ ಏರಿ ಡೀಸೆಲ್ ಲೀಟರಿಗೆ ಸುಮಾರು 2 ರೂಪಾಯಿ ಜಾಸ್ತಿಯಾದಾಗ ಅದೂ ಮಾಲೀಕರ ತಲೆ ಮೇಲೆಯೇ ಬಿತ್ತು.

ನಷ್ಟದ ಬಸ್ಸಿಗೆ ಮಾಲೀಕರು ಮಾಡುವ ಕೆಲಸ ‘ಸರೆಂಡರ್’. ದಾಖಲೆಗಳನ್ನು ಆರ್‌ಟಿಒ ಕಚೇರಿಗೆ ಒಪ್ಪಿಸಿ, ಗಾಡಿ ಓಡಿಸುತ್ತಿಲ್ಲ ಎಂದು ಬರೆದುಕೊಟ್ಟರೆ ತೆರಿಗೆ ಉಳಿಯುತ್ತದೆ. ಕೊರೊನಾ ಕಾಲದಲ್ಲಿ ಶೆಡ್ಡಿನ ತುಂಬಾ ನಿಂತ ಬಸ್ಸುಗಳ ಕಥೆ ಇದೇ. ಅದಕ್ಕಿಂತ ಮುಂಚಿನ ಹೆಜ್ಜೆ ಜನರ ಕಣ್ಣಿಗೆ ಬೀಳುವುದು ಕಮ್ಮಿ. ಅದು ಟ್ರಿಪ್ ಕಟ್ ಮಾಡುವುದು. ಬೆಳಗಿನ ತುಂಬಿದ ಟ್ರಿಪ್ಪಿನ ಲಾಭದಲ್ಲೇ ರಾತ್ರಿಯ ಕೊನೆಯ ಟ್ರಿಪ್ ಓಡುತ್ತಿರುತ್ತದೆ. ಬೆಳಗಿನ ಕಲೆಕ್ಷನ್ ಬಿದ್ದರೆ ಮೊದಲು ನಿಲ್ಲುವುದು ಆ ಕೊನೆಯ ಬಸ್ಸು. ಆ ಹೊತ್ತಿನಲ್ಲಿ ಒಳಗಿನ ಹಳ್ಳಿಗೆ ಸರ್ಕಾರಿ ಬಸ್ಸು ಇರುವುದಿಲ್ಲ. ಕೆಲಸ ಮುಗಿಸಿ ಮನೆಗೆ ಹೊರಟ ಹೆಣ್ಣುಮಗಳಿಗೆ ಉಚಿತವೂ ಇಲ್ಲ, ದುಡ್ಡು ಕೊಟ್ಟರೆ ಹೋಗುವ ಬಸ್ಸೂ ಇಲ್ಲ.

ಯಾರ ವಾದ ಏನು?

ಮಹಿಳೆಯರ ವಾದ ನೇರ. ಬೇರೆ ಜಿಲ್ಲೆಯವರಿಗೆ ಸಿಕ್ಕಿದ್ದು ನಮಗೆ ಯಾಕಿಲ್ಲ? ನಾವೂ ಅದೇ ಸರ್ಕಾರಕ್ಕೆ ತೆರಿಗೆ ಕಟ್ಟುವವರು. ಇದಕ್ಕೆ ಎದುರು ಹೇಳಲು ಯಾರ ಹತ್ತಿರವೂ ಒಳ್ಳೆಯ ಉತ್ತರವಿಲ್ಲ.

ಕೆಎಸ್‌ಆರ್‌ಟಿಸಿಯ ಕಷ್ಟ ಬೇರೆ. ಸ್ಕೀಂ ಇಲ್ಲದ ದಾರಿಯಲ್ಲಿ ಅದೂ ಖಾಸಗಿಯವರಂತೆಯೇ ಪ್ರಾದೇಶಿಕ ಸಾರಿಗೆ ಪ್ರಾಧಿಕಾರಕ್ಕೆ ಅರ್ಜಿ ಹಾಕಿ ಪರ್ಮಿಟ್ ತೆಗೆದುಕೊಳ್ಳಬೇಕು. ಜಿಲ್ಲಾಧಿಕಾರಿ ಅದರ ಅಧ್ಯಕ್ಷರು. ಪರ್ಮಿಟ್ ಸಿಕ್ಕರೂ ಟೈಮಿಂಗ್ ಮೀಟಿಂಗ್ ಆಗಬೇಕು. ಅಲ್ಲಿ ಒಪ್ಪಿಗೆಯಾಗದಿದ್ದರೆ ಬೆಂಗಳೂರಿನ ಸಾರಿಗೆ ಮೇಲ್ಮನವಿ ನ್ಯಾಯಮಂಡಳಿ, ಅಲ್ಲಿಂದ ಹೈಕೋರ್ಟ್. ಮಂಗಳೂರು, ಉಡುಪಿಯಲ್ಲಿ ಕೇಂದ್ರದ ನಗರ ನವೀಕರಣ ಯೋಜನೆಯ ‘ನರ್ಮ್’ ಬಸ್ಸುಗಳು ಇಳಿದಾಗಲೂ ಇದೇ ಜಗ್ಗಾಟ ನಡೆದಿತ್ತು. ‘ಸರ್ಕಾರಕ್ಕೆ ಯಾರ ಅಪ್ಪಣೆ?’ ಎಂಬ ಪ್ರಶ್ನೆಗೆ ಉತ್ತರ ಇದು.

ಮಾಲೀಕರು 2023ರ ಸೆಪ್ಟೆಂಬರ್ 11ರ ಬೆಂಗಳೂರು ಬಂದ್‌ನಲ್ಲೂ ಮುಂದಿಟ್ಟ ಬೇಡಿಕೆ, ಶಕ್ತಿಯನ್ನು ಖಾಸಗಿ ಬಸ್ಸಿಗೂ ವಿಸ್ತರಿಸಿ ಎಂಬುದು. ಸರ್ಕಾರದ ಮೊದಲ ಉತ್ತರ ಖರ್ಚು. ಎರಡನೆಯದು, ಅಷ್ಟು ಬಾಯಿಬಿಟ್ಟು ಹೇಳದಿದ್ದರೂ, ಲೆಕ್ಕ. ಖಾಸಗಿ ಬಸ್ಸಿನಲ್ಲಿ ಎಷ್ಟು ಮಹಿಳೆಯರು ಹತ್ತಿದರು ಎಂದು ಬರೆದಿಡುವವರು ಯಾರು? ಸಣ್ಣ ದೂರಕ್ಕೆ ಟಿಕೆಟ್ ಹರಿಯದೇ ದುಡ್ಡು ತೆಗೆದುಕೊಂಡು ಅಭ್ಯಾಸವಾದ ಕಡೆ, ನಾಳೆ ಹತ್ತದವರ ಹೆಸರಲ್ಲೂ ಶೂನ್ಯ ಟಿಕೆಟ್ ಹರಿಯಬಹುದು. ಈ ಅನುಮಾನ ತಪ್ಪಲ್ಲ.

ಹಾಗಂತ ಖಾಸಗಿ ಬಸ್ಸಿನಲ್ಲಿ ಉಚಿತ ಪ್ರಯಾಣ ಸಾಧ್ಯವೇ ಇಲ್ಲ ಎಂಬ ಮಾತು ಮಾತ್ರ ಸುಳ್ಳು. ಬೆಂಗಳೂರಿನ ಬಿಎಂಟಿಸಿ ಎಲೆಕ್ಟ್ರಿಕ್ ಬಸ್ಸುಗಳನ್ನೇ ನೋಡಿ. ಅವುಗಳಲ್ಲಿ ಹೆಚ್ಚಿನವು ಬಿಎಂಟಿಸಿಯ ಸ್ವಂತ ಬಸ್ಸುಗಳಲ್ಲ. ಬಸ್ಸು ಕಂಪನಿಯದು, ಡ್ರೈವರ್ ಕಂಪನಿಯವರು, ಕಂಡಕ್ಟರ್ ಮತ್ತು ಟಿಕೆಟ್ ದುಡ್ಡು ಬಿಎಂಟಿಸಿಯದು. ಓಡಿದ ಕಿಲೋಮೀಟರಿಗೆ ಇಷ್ಟು ಎಂದು ಕಂಪನಿಗೆ ಬಾಡಿಗೆ. ಮಹಿಳೆಯರು ಅದರಲ್ಲಿ ಉಚಿತವಾಗಿಯೇ ಹೋಗುತ್ತಾರೆ. ದೆಹಲಿಯಲ್ಲೂ 2019ರ ಅಕ್ಟೋಬರ್ 29ರಂದು ಗುಲಾಬಿ ಟಿಕೆಟ್ ಬಂದಾಗ, ಖಾಸಗಿಯವರು ನಡೆಸುತ್ತಿದ್ದ ಕ್ಲಸ್ಟರ್ ಬಸ್ಸಿಗೂ ಅದು ಅನ್ವಯವಾಯಿತು. ಟಿಕೆಟಿಗೆ 10 ರೂಪಾಯಿಯಂತೆ ಸರ್ಕಾರ ಭರಿಸಿತು. ದೊಡ್ಡ ಕಂಪನಿಯ ಬಸ್ಸಿಗೆ ಆಗುವುದು ಕಾರ್ಕಳದ ಮೂರು ಬಸ್ಸಿನ ಮಾಲೀಕರಿಗೆ ಯಾಕೆ ಆಗಬಾರದು ಎಂದು ಕೇಳಿದರೆ ತಾಂತ್ರಿಕ ಅಡ್ಡಿ ಹೆಚ್ಚೇನೂ ಕಾಣುವುದಿಲ್ಲ.

ಅಡ್ಡಿ ಇರುವುದು ಮನಸ್ಸಿನಲ್ಲಿ, ಎರಡೂ ಕಡೆ. ಕಿಲೋಮೀಟರ್ ಬಾಡಿಗೆಗೆ ಒಪ್ಪಿದರೆ ಟೈಮಿಂಗ್ ನಿಗದಿ ಮಾಡುವುದು ನಿಗಮ. ಅಂದರೆ ಕುಟುಂಬ ಇಷ್ಟು ವರ್ಷ ಕಾಪಾಡಿಕೊಂಡು ಬಂದ ನಿಜವಾದ ಆಸ್ತಿ ಕೈಬಿಟ್ಟಂತೆ. ಲೈನ್ ಮಾರುವ ದಾರಿಯೂ ಮುಚ್ಚುತ್ತದೆ. ಹಾಗಾಗಿ ಮಾಲೀಕರು ಕೇಳುವುದು ಟಿಕೆಟ್ ದುಡ್ಡನ್ನು, ಬಾಡಿಗೆಯನ್ನಲ್ಲ. ಸರ್ಕಾರ ಕೊಟ್ಟರೆ ಕೊಡಬಹುದಾದದ್ದು ಬಾಡಿಗೆಯನ್ನು, ಟಿಕೆಟ್ ದುಡ್ಡನ್ನಲ್ಲ. ಇನ್ನು ದುಡ್ಡು ಹೊತ್ತಿಗೆ ಸರಿಯಾಗಿ ಬರುತ್ತದೆಯೇ ಎಂಬ ಭಯ. ಶಕ್ತಿಯ ಹಣ ಪೂರ್ತಿ ಕೈಸೇರಿಲ್ಲ ಎಂಬ ಮಾತು ನಿಗಮಗಳ ಕಡೆಯಿಂದಲೇ ಕೇಳಿಬರುತ್ತದೆ. ನಿಗಮ ಬಾಕಿ ತಡೆದುಕೊಳ್ಳುತ್ತದೆ. ತಿಂಗಳ ಕಂತು ಕಟ್ಟಬೇಕಾದ ಮನೆ ತಡೆದುಕೊಳ್ಳುವುದಿಲ್ಲ.

ಮುಂದೆ ಏನಾಗಬಹುದು?

ಮಾಲೀಕತ್ವ ಬದಲಾದರೆ ಎಲ್ಲ ಸರಿಹೋಗುತ್ತದೆ ಎಂದುಕೊಳ್ಳಲು ಕಾರಣವಿಲ್ಲ. ಕೊಪ್ಪದ ಸಹಕಾರ ಸಾರಿಗೆ ಇದಕ್ಕೆ ಸಾಕ್ಷಿ. ಖಾಸಗಿ ಕಂಪನಿಯೊಂದು ಮುಚ್ಚಿದಾಗ ಅದರ ಕಾರ್ಮಿಕರೇ 1991ರಲ್ಲಿ ಸಹಕಾರ ಸಂಘ ಕಟ್ಟಿ ಬಸ್ಸು ಓಡಿಸಿದರು. ಮಲೆನಾಡಿನ ಮೂಲೆ ಮೂಲೆಗೆ ಅವರ ಬಸ್ಸು ಹೋಯಿತು, ದೇಶದಾದ್ಯಂತ ಹೆಸರಾಯಿತು. 2020ರಲ್ಲಿ ಅದೂ ನಿಂತಿತು. ಶಕ್ತಿ ಯೋಜನೆ ಆಗ ಇರಲೇ ಇಲ್ಲ. ಡೀಸೆಲ್, ತೆರಿಗೆ, ಬೈಕು ಕೊಂಡ ಪ್ರಯಾಣಿಕ, ಇವು ಮೊದಲಿನಿಂದಲೂ ಲೈನ್ ಬಸ್ಸನ್ನು ಸವೆಸುತ್ತಿದ್ದವು. ಶಕ್ತಿ ಆ ವೇಗವನ್ನು ಹೆಚ್ಚಿಸಿತು ಅಷ್ಟೇ.

ಹಣ ಇರುವ ಕುಟುಂಬಗಳು ದೂರದ ರಾತ್ರಿ ಬಸ್ಸಿನ ಕಡೆಗೆ ಹೋಗುವುದು ಹೆಚ್ಚಲಿದೆ. ಅಲ್ಲಿ ಶಕ್ತಿಯ ಪೈಪೋಟಿ ಇಲ್ಲ, ದರ ತಾವೇ ಇಡಬಹುದು. ಗದಗದಲ್ಲಿ 1976ರಲ್ಲಿ ಲಾರಿಯಿಂದ ಶುರುಮಾಡಿದ ವಿಜಯ ಸಂಕೇಶ್ವರರ ವಿಆರ್‌ಎಲ್ ಬಸ್ಸಿಗೆ ಇಳಿದದ್ದು 1996ರಲ್ಲಿ, ಅದೂ ದೂರದ ಕೋಚುಗಳಿಗೆ. ಕಂಪನಿ ಷೇರು ಮಾರುಕಟ್ಟೆಗೆ ಹೋದ ಮೇಲೆ ಲಾರಿ ಸಾಗಣೆಯೇ ಮುಖ್ಯವಾಯಿತು. ಕೊನೆಗೆ 2022ರಲ್ಲಿ ಬಸ್ ವ್ಯವಹಾರವನ್ನು ಸುಮಾರು 230 ಕೋಟಿ ರೂಪಾಯಿಗೆ ಕುಟುಂಬದ್ದೇ ಬೇರೆ ಕಂಪನಿಗೆ ಮಾರಿತು. ಆದರೆ ಮೂರು ಬಸ್ಸಿನ ಮಾಲೀಕರಿಗೆ ಸ್ಲೀಪರ್ ಕೋಚಿನ ಬಂಡವಾಳ ಎಲ್ಲಿಂದ ಬರಬೇಕು? ಅವರು ಲೈನ್ ಮಾರುತ್ತಾರೆ, ಇಲ್ಲವೇ ಸರೆಂಡರ್ ಹಾಕುತ್ತಾರೆ.

ಖಾಸಗಿಯವರು ಬಿಟ್ಟ ಜಾಗವನ್ನು ಕೆಎಸ್‌ಆರ್‌ಟಿಸಿ ತಕ್ಷಣ ತುಂಬುತ್ತದೆ ಎಂದು ನಂಬುವುದು ಕಷ್ಟ. ಹೊಸ ಬಸ್ಸು, ಡ್ರೈವರ್, ಡಿಪೋ ಎಲ್ಲವೂ ಬೇಕು. ಅದು ಮೊದಲು ಬರುವುದು ಹೆದ್ದಾರಿಗೆ, ಆಮೇಲೆ ತಾಲೂಕು ಕೇಂದ್ರಕ್ಕೆ. ಒಳದಾರಿಗಳ ಸರದಿ ಕೊನೆಗೆ.

ಸ್ಟೇಜ್ ಕ್ಯಾರೇಜ್ ಪರ್ಮಿಟ್ಟಿನ ಆಯುಷ್ಯ ಐದು ವರ್ಷ. ಶಕ್ತಿ ಬರುವ ಮುಂಚೆ ನವೀಕರಣವಾದ ಪರ್ಮಿಟ್‌ಗಳು ಒಂದೊಂದಾಗಿ ಮತ್ತೆ ಪ್ರಾಧಿಕಾರದ ಮುಂದೆ ಬರಬೇಕು. ಎಷ್ಟು ಮನೆಯವರು ನವೀಕರಣಕ್ಕೆ ಅರ್ಜಿ ಹಾಕುತ್ತಾರೆ, ಎಷ್ಟು ಜನ ಸುಮ್ಮನಿರುತ್ತಾರೆ, ಬಿಟ್ಟುಹೋದ ಟೈಮಿಂಗ್‌ಗೆ ಕೆಎಸ್‌ಆರ್‌ಟಿಸಿ ಅರ್ಜಿ ಹಾಕುತ್ತದೆಯೇ ಎಂಬುದು ಆ ಸಭೆಗಳ ಕಡತದಲ್ಲಿ ದಾಖಲಾಗುತ್ತದೆ. ಕರಾವಳಿಯ ಬಸ್ಸು ಎತ್ತ ಹೋಗುತ್ತಿದೆ ಎಂದು ತಿಳಿಯಬೇಕಾದವರು ಮಂತ್ರಿಗಳ ಹೇಳಿಕೆಗಿಂತ ಅದನ್ನು ಗಮನಿಸುವುದು ಒಳ್ಳೆಯದು.